ಪರಿಕಲ್ಪನಾಚಿತ್ರವೂ ಪಹಣಿಯೂ: ಒಂದು ವಿಮರ್ಶೆ

೧

ಒಂದು ಸಂಸ್ಥೆಯಲ್ಲಿ ಮಾಹಿತಿಯು ಎಲ್ಲಿ ಹುಟ್ಟುತ್ತದೆ, ಯಾರ ಕೈಯಿಂದ ಯಾರ ಕೈಗೆ ಸಾಗುತ್ತದೆ, ಎಲ್ಲಿ ಶೇಖರವಾಗುತ್ತದೆ, ಕೊನೆಗೆ ಯಾವ ನಿರ್ಣಯಕ್ಕೆ ಆಧಾರವಾಗುತ್ತದೆ ಎಂಬುದನ್ನು ಬರಿಯ ಮಾತಿನಲ್ಲಿ ವಿವರಿಸುವುದು ಕಷ್ಟ. ಮಾತು ಒಂದರ ಹಿಂದೆ ಒಂದಾಗಿ ಬರುತ್ತದೆ. ಸಂಸ್ಥೆಯ ಕೆಲಸಗಳಾದರೋ ಏಕಕಾಲದಲ್ಲಿ ಹಲವು ಕಡೆ ನಡೆಯುತ್ತಿರುತ್ತವೆ. ಈ ತೊಡಕನ್ನು ನಿವಾರಿಸುವುದಕ್ಕಾಗಿ ಚೌಕ, ವೃತ್ತ, ಗೆರೆ, ಬಾಣಗಳಿಂದ ಕೂಡಿದ ರೇಖಾಚಿತ್ರಗಳನ್ನು ಬಳಸುವ ಪದ್ಧತಿ ಬೆಳೆದು ಬಂದಿದೆ. ಇವುಗಳನ್ನು ಪರಿಕಲ್ಪನಾಚಿತ್ರಗಳೆಂದು ಕರೆಯಬಹುದು. ವಾಣಿಜ್ಯ, ಆಡಳಿತ, ಗಣಕಶಾಸ್ತ್ರಗಳ ಪಠ್ಯಗಳಲ್ಲಿ ಇಂದು ಇಂಥ ಚಿತ್ರಗಳಿಲ್ಲದ ಅಧ್ಯಾಯವೇ ವಿರಳ. ವಿದ್ಯಾರ್ಥಿಗಳು ಅವುಗಳನ್ನು ಅಂದವಾಗಿ ಬರೆಯಲು ಕಲಿಯುತ್ತಾರೆ. ಪರೀಕ್ಷೆಯಲ್ಲಿ ಅಂಕಗಳನ್ನೂ ಪಡೆಯುತ್ತಾರೆ. ಆದರೆ ಚಿತ್ರವನ್ನು ಬರೆಯುವುದು ಬೇರೆ, ಅದನ್ನು ವಿಮರ್ಶಿಸಿ ಓದುವುದು ಬೇರೆ. ಈ ಎರಡನೆಯ ಅಭ್ಯಾಸ ನಮ್ಮಲ್ಲಿ ಇನ್ನೂ ಬೇರೂರಿಲ್ಲವೆಂದರೆ ತಪ್ಪಾಗಲಾರದು.

ಕಾವ್ಯವನ್ನು ವಿಮರ್ಶಿಸುವಾಗ ಕವಿಯು ಏನನ್ನು ಹೇಳಿದನೆಂಬುದರೊಡನೆ ಏನನ್ನು ಹೇಳದೆ ಬಿಟ್ಟನೆಂಬುದನ್ನೂ ನಾವು ಕೇಳುತ್ತೇವೆ. ಅದೇ ಪ್ರಶ್ನೆಯನ್ನು ಪರಿಕಲ್ಪನಾಚಿತ್ರಕ್ಕೂ ಕೇಳಬೇಕೆಂಬುದು ಈ ಲೇಖನದ ಆಶಯ. ಉದಾಹರಣೆಗಾಗಿ ದೂರದ ಕಾರ್ಖಾನೆಗಳನ್ನು ಅರಸಿಕೊಂಡು ಹೋಗಬೇಕಾಗಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅನೇಕ ಮನೆಗಳ ಕಪಾಟಿನಲ್ಲಿ ಒಂದು ಬೃಹತ್ ಮಾಹಿತಿ ವ್ಯವಸ್ಥೆಯ ಫಲವು ಮಡಿಸಿಟ್ಟ ಕಾಗದದ ರೂಪದಲ್ಲಿ ಇದೆ. ಅದೇ ಪಹಣಿ. ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆಯೆಂದು ಶಾಸನವು ಹೆಸರಿಸಿರುವ ಈ ಪತ್ರ ಮತ್ತು ಅದನ್ನು ನೀಡುವ ‘ಭೂಮಿ’ ಎಂಬ ಗಣಕ ವ್ಯವಸ್ಥೆ, ಇವೆರಡನ್ನು ಇಟ್ಟುಕೊಂಡು ಪರಿಕಲ್ಪನಾಚಿತ್ರದ ಮೂರು ಮುಖ್ಯ ಬಗೆಗಳನ್ನು ಇಲ್ಲಿ ಪರೀಕ್ಷಿಸಲಾಗುವುದು.

೨

ಮೊದಲಿಗೆ ಈ ಚಿತ್ರಗಳ ವಂಶವನ್ನು ಸಂಕ್ಷೇಪವಾಗಿ ನೋಡೋಣ. ೧೯೨೧ರಲ್ಲಿ ಅಮೆರಿಕದ ಫ್ರಾಂಕ್ ಗಿಲ್ಬ್ರೆತ್ ಮತ್ತು ಲಿಲಿಯನ್ ಗಿಲ್ಬ್ರೆತ್ ದಂಪತಿಗಳು ಅಲ್ಲಿಯ ಯಂತ್ರಶಿಲ್ಪಿಗಳ ಸಂಘದ ಮುಂದೆ ಕಾರ್ಯಕ್ರಮಪಟ್ಟವನ್ನು ಮಂಡಿಸಿದರು. ಕಾರ್ಖಾನೆಯ ಒಂದು ಕೆಲಸವನ್ನು ಹಂತಹಂತವಾಗಿ ಬಿಡಿಸಿ, ಒಂದೊಂದು ಹಂತಕ್ಕೆ ಒಂದೊಂದು ಸಂಕೇತವನ್ನು ಕೊಟ್ಟು, ಎಲ್ಲಿ ವ್ಯರ್ಥಶ್ರಮವಿದೆಯೆಂಬುದನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಅವರ ಉದ್ದೇಶವಾಗಿತ್ತು. ೧೯೪೭ರಲ್ಲಿ ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ ಅವರು ಗಣಕಯಂತ್ರಕ್ಕೆ ಲೆಕ್ಕವನ್ನು ಅಳವಡಿಸುವ ಕ್ರಮವನ್ನು ತೋರಿಸಲು ಪ್ರವಾಹಚಿತ್ರಗಳನ್ನು ಬಳಸಿದರು. ಇವೆರಡರಲ್ಲಿಯೂ ಪ್ರಧಾನವಾದದ್ದು ಕ್ರಮ: ಒಂದು ಮುಗಿದ ಮೇಲೆ ಮತ್ತೊಂದು.

ಸಂಸ್ಥೆಯ ಮಾಹಿತಿಯನ್ನೇ ವಿಷಯವಾಗಿ ಉಳ್ಳ ಚಿತ್ರಗಳು ೧೯೭೦ರ ದಶಕದಲ್ಲಿ ರೂಪ ತಾಳಿದವು. ೧೯೭೬ರಲ್ಲಿ ಪೀಟರ್ ಚೆನ್ ಅವರು ವಸ್ತು–ಸಂಬಂಧ ಚಿತ್ರವನ್ನು ಪ್ರಕಟಿಸಿದರು. ಇಲ್ಲಿ ಪ್ರಶ್ನೆಯು ‘ಏನು ನಡೆಯುತ್ತದೆ?’ ಎಂಬುದಲ್ಲ, ‘ಏನೇನು ಇದೆ, ಅವುಗಳೊಳಗೆ ಏನು ಸಂಬಂಧ?’ ಎಂಬುದು. ೧೯೭೮ರಲ್ಲಿ ಟಾಮ್ ಡಿಮಾರ್ಕೊ ಅವರ ಗ್ರಂಥದ ಮೂಲಕ ಮಾಹಿತಿ ಪ್ರವಾಹ ಚಿತ್ರವು ವ್ಯಾಪಕವಾಗಿ ಪ್ರಚಾರಕ್ಕೆ ಬಂದಿತು. ೧೯೮೧ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದ ಪೀಟರ್ ಚೆಕ್‌ಲ್ಯಾಂಡ್ ಅವರು ತಮ್ಮ ಗ್ರಂಥದಲ್ಲಿ ಬೇರೊಂದು ದಾರಿಯನ್ನು ನಿರೂಪಿಸಿದರು. ಸಂಸ್ಥೆಯೆಂಬುದು ಯಂತ್ರವಲ್ಲ, ಭಿನ್ನಭಿನ್ನ ದೃಷ್ಟಿಗಳುಳ್ಳ ಮನುಷ್ಯರ ಕೂಟ, ಆದಕಾರಣ ಮೊದಲು ಪರಿಸ್ಥಿತಿಯ ‘ಸಮೃದ್ಧಚಿತ್ರ’ವನ್ನು, ಅಂದರೆ ಜನರು, ಅವರ ಕಳವಳಗಳು, ಅವರೊಳಗಿನ ಘರ್ಷಣೆಗಳು ಎಲ್ಲವೂ ಕಾಣುವ ಒಂದು ಚಿತ್ರವನ್ನು ಬರೆಯಬೇಕು, ಆಮೇಲೆ ಒಂದೊಂದು ದೃಷ್ಟಿಗೂ ಒಂದೊಂದು ಪರಿಕಲ್ಪನಾ ಮಾದರಿಯನ್ನು ರಚಿಸಿ, ಅದನ್ನು ವಾಸ್ತವದೊಡನೆ ಹೋಲಿಸಿ ಚರ್ಚಿಸಬೇಕು ಎಂಬುದು ಅವರ ಮತ. ಅವರ ದೃಷ್ಟಿಯಲ್ಲಿ ಮಾದರಿಯು ವಾಸ್ತವದ ಪ್ರತಿಬಿಂಬವಲ್ಲ. ಚರ್ಚೆಗೆ ಒಂದು ನೆಪ.

ಈ ಮೂರು ಬಗೆಗಳನ್ನು ಪಠ್ಯಗಳು ಸಾಮಾನ್ಯವಾಗಿ ಒಂದೇ ಪೆಟ್ಟಿಗೆಯ ಮೂರು ಉಪಕರಣಗಳೆಂಬಂತೆ ವರ್ಣಿಸುತ್ತವೆ. ಪಹಣಿಯ ಮೇಲೆ ಅವುಗಳನ್ನು ಪ್ರಯೋಗಿಸಿದಾಗ ಅವು ಮೂರು ಬೇರೆ ಬೇರೆ ಪ್ರಪಂಚಗಳನ್ನು ತೋರಿಸುತ್ತವೆಂಬುದು ಸ್ಪಷ್ಟವಾಗುತ್ತದೆ.

೩

ಮಾಹಿತಿ ಪ್ರವಾಹ ಚಿತ್ರವನ್ನು ಮೊದಲು ತೆಗೆದುಕೊಳ್ಳೋಣ. ಕರ್ನಾಟಕ ಭೂಕಂದಾಯ ಅಧಿನಿಯಮ, ೧೯೬೪ರ ೧೨೮ ಮತ್ತು ೧೨೯ನೆಯ ಪ್ರಕರಣಗಳು ಜಮೀನಿನ ಹಕ್ಕು ಬದಲಾದಾಗ ವರದಿ ಮಾಡುವ ಮತ್ತು ಅದನ್ನು ಹಕ್ಕು ಬದಲಾವಣೆಯ ವಹಿಯಲ್ಲಿ ದಾಖಲಿಸುವ ಕ್ರಮವನ್ನು ವಿಧಿಸಿವೆ. ಕ್ರಯಪತ್ರವು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗುತ್ತದೆ. ಅಲ್ಲಿಂದ ಸೂಚನೆ ತಾಲ್ಲೂಕು ಕಚೇರಿಗೆ ಬರುತ್ತದೆ. ಸಂಬಂಧಪಟ್ಟವರಿಗೆ ನೋಟೀಸು ಹೋಗುತ್ತದೆ. ತಕರಾರು ಇದ್ದರೆ ವಿಚಾರಣೆ, ಇಲ್ಲದಿದ್ದರೆ ಕಂದಾಯ ನಿರೀಕ್ಷಕರ ಆದೇಶ. ಆ ಬಳಿಕ ಪಹಣಿಯಲ್ಲಿ ಹೊಸ ಹೆಸರು. ಇದನ್ನು ನಾಲ್ಕಾರು ವೃತ್ತಗಳು, ಹತ್ತಾರು ಬಾಣಗಳಲ್ಲಿ ಬರೆಯಬಹುದು.

ಈ ಚಿತ್ರದ ಪ್ರಯೋಜನ ಅಲ್ಪವಾದದ್ದಲ್ಲ. ಗಣಕೀಕರಣಕ್ಕೆ ಮುಂಚೆ ರಾಜ್ಯದ ಸುಮಾರು ೯,೦೦೦ ಗ್ರಾಮ ಲೆಕ್ಕಿಗರು ಈ ದಾಖಲೆಗಳನ್ನು ಕೈಬರಹದಲ್ಲಿ ಇಟ್ಟುಕೊಂಡಿದ್ದರು. ಪಹಣಿಯ ನಕಲು ಬೇಕಾದ ರೈತನು ಲೆಕ್ಕಿಗನನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ಅರ್ಜಿಯು ಯಾವ ಹಂತದಲ್ಲಿ, ಯಾರ ಮೇಜಿನ ಮೇಲೆ ನಿಂತಿದೆಯೆಂಬುದು ಅರ್ಜಿದಾರನಿಗೆ ತಿಳಿಯುತ್ತಿರಲಿಲ್ಲ. ಆ ಅಜ್ಞಾನವೇ ಲಂಚಕ್ಕೆ ಅವಕಾಶ ಕೊಡುತ್ತಿತ್ತು. ೨೦೦೦ದ ಸುಮಾರಿಗೆ ಜಾರಿಗೆ ಬಂದ ‘ಭೂಮಿ’ ಯೋಜನೆಯು ಸುಮಾರು ೬೭ ಲಕ್ಷ ಹಿಡುವಳಿದಾರರ ಸುಮಾರು ೨ ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿತು. ಆರಂಭದಲ್ಲಿ ೧೫ ರೂಪಾಯಿ ಶುಲ್ಕಕ್ಕೆ ತಾಲ್ಲೂಕು ಕೇಂದ್ರದಲ್ಲಿ ಪಹಣಿ ದೊರೆಯುವಂತಾಯಿತು. ಮೊದಲು ಬಂದ ಅರ್ಜಿಯನ್ನು ಮೊದಲು ವಿಲೇವಾರಿ ಮಾಡಬೇಕೆಂಬ ನಿಯಮವನ್ನು ಗಣಕವೇ ಕಾಯುವಂತೆ ಮಾಡಲಾಯಿತು. ದಾಖಲೆಯನ್ನು ತಿದ್ದುವ ಅಧಿಕಾರಿಯು ಬೆರಳಚ್ಚಿನಿಂದ ತನ್ನ ಗುರುತನ್ನು ಸ್ಥಾಪಿಸಬೇಕಾಯಿತು. ಇವೆಲ್ಲವೂ ಪ್ರವಾಹ ಚಿತ್ರವು ಸಹಜವಾಗಿ ಸೂಚಿಸುವ ಪರಿಹಾರಗಳೇ. ಬಾಣವು ಎಲ್ಲಿ ತಡೆಯುತ್ತದೆ, ಎಲ್ಲಿ ಬಾಗುತ್ತದೆ ಎಂಬುದನ್ನು ಕಂಡ ಕಣ್ಣೇ ಅದನ್ನು ನೇರ ಮಾಡುವ ಉಪಾಯವನ್ನೂ ಕಂಡಿತು.

ಆದರೆ ಪ್ರವಾಹ ಚಿತ್ರಕ್ಕೆ ಒಂದು ಸ್ವಭಾವದೋಷವಿದೆ. ಅದು ಇರುವ ಬಾಣವನ್ನು ತೋರಿಸಬಲ್ಲುದು. ಇರಬೇಕಾಗಿದ್ದು ಇಲ್ಲದ ಬಾಣವನ್ನು ತೋರಿಸಲಾರದು. ಪೌತಿ ಖಾತೆಯ ವಿಷಯವನ್ನು ನೋಡಿರಿ. ಕ್ರಯದಿಂದ ಹಕ್ಕು ಬದಲಾದಾಗ ನೋಂದಣಿ ಕಚೇರಿಯಿಂದ ಸೂಚನೆಯು ತಾನಾಗಿಯೇ ಬರುತ್ತದೆ. ಖಾತೆದಾರನು ಮೃತನಾದಾಗ ಹಾಗೆ ತಾನಾಗಿ ಬರುವ ಸೂಚನೆ ಇರಲಿಲ್ಲ. ವಾರಸುದಾರರು ಅರ್ಜಿ ಹಾಕಬೇಕು. ಅಣ್ಣತಮ್ಮಂದಿರಲ್ಲಿ ಮನಸ್ತಾಪವಿದ್ದರೆ, ಒಬ್ಬನು ಊರು ಬಿಟ್ಟು ಹೋಗಿದ್ದರೆ, ಅರ್ಜಿಯೇ ಹುಟ್ಟುವುದಿಲ್ಲ. ಅದರ ಫಲವಾಗಿ ಅಜ್ಜನ ಹೆಸರಿನ ಪಹಣಿಯ ಮೇಲೆ ಮೊಮ್ಮಗನು ಉಳುತ್ತಿರುವ ದೃಷ್ಟಾಂತಗಳು ರಾಜ್ಯದಾದ್ಯಂತ ಅಸಂಖ್ಯಾತವಾಗಿವೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಗ್ರಾಮಾಂತರಗಳಲ್ಲಿ ಜನನ ಮರಣಗಳ ನೋಂದಣಾಧಿಕಾರಿಯಾಗಿ ಬಹುಕಾಲ ಕೆಲಸ ಮಾಡಿದವನು ಅದೇ ಗ್ರಾಮ ಲೆಕ್ಕಿಗನೇ. ಮರಣವನ್ನು ಒಂದು ವಹಿಯಲ್ಲಿ ಬರೆದ ಕೈಯೇ ಮೃತನ ಹೆಸರನ್ನು ಇನ್ನೊಂದು ವಹಿಯಲ್ಲಿ ವರ್ಷವರ್ಷವೂ ಉಳಿಸಿಕೊಂಡು ಬಂದಿತು. ಎರಡು ವಹಿಗಳು ಒಂದೇ ಕಪಾಟಿನಲ್ಲಿದ್ದರೂ ಅವುಗಳ ನಡುವೆ ಬಾಣವಿರಲಿಲ್ಲ. ಪೌತಿ ಖಾತೆಗಾಗಿ ಕಂದಾಯ ಇಲಾಖೆಯು ಆಂದೋಲನವನ್ನೇ ನಡೆಸಬೇಕಾಗಿ ಬಂದದ್ದು ಈ ಕೊರತೆಗೆ ಸಾಕ್ಷಿ. ಒಂದು ಇಲಾಖೆಯ ಒಂದು ಕೆಲಸವನ್ನು ಮಾತ್ರ ಚೌಕಟ್ಟಿನೊಳಗೆ ಇಟ್ಟುಕೊಂಡು ಬರೆದ ಚಿತ್ರವು, ಎಷ್ಟೇ ನಿರ್ದುಷ್ಟವಾಗಿದ್ದರೂ, ಈ ಕೊರತೆಯನ್ನು ಕಾಣಿಸದು.

೪

ಇನ್ನು ವಸ್ತು–ಸಂಬಂಧ ಚಿತ್ರ. ಪಹಣಿಯನ್ನು ಈ ದೃಷ್ಟಿಯಿಂದ ನೋಡಿದರೆ ಮೂರು ಮುಖ್ಯ ವಸ್ತುಗಳು ದೊರೆಯುತ್ತವೆ: ವ್ಯಕ್ತಿ, ಸರ್ವೆ ನಂಬರು, ಹಕ್ಕು. ಪಹಣಿಯ ೯ನೆಯ ಅಂಕಣವು ಸ್ವಾಧೀನದಾರನ ಹೆಸರನ್ನು, ೧೧ನೆಯದು ಇತರ ಹಕ್ಕು ಮತ್ತು ಋಣಗಳನ್ನು, ೧೨ನೆಯದು ಸಾಗುವಳಿಯನ್ನೂ ಬೆಳೆಯನ್ನೂ ಹೇಳುತ್ತದೆ. ಒಂದೇ ತುಂಡು ಭೂಮಿಯ ಮೇಲೆ ಒಡೆತನ, ಸಾಲ, ಸಾಗುವಳಿಗಳು ಮೂರು ಬೇರೆ ಸಂಬಂಧಗಳೆಂಬ ಅರಿವು ಈ ಪತ್ರದ ರಚನೆಯಲ್ಲಿಯೇ ಇದೆ. ೧೯೭೪ರಲ್ಲಿ ಭೂಸುಧಾರಣಾ ತಿದ್ದುಪಡಿಯು ಜಾರಿಗೆ ಬಂದು, ಗೇಣಿದಾರರು ೭ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿದಾಗ, ಸಾಗುವಳಿದಾರನ ಹೆಸರು ದಾಖಲೆಯಲ್ಲಿದೆಯೇ ಇಲ್ಲವೇ ಎಂಬುದು ಅನೇಕ ಕುಟುಂಬಗಳ ಭವಿಷ್ಯವನ್ನು ನಿರ್ಣಯಿಸಿತು. ಏಕೆಂದರೆ, ತದ್ವಿರುದ್ಧವಾಗಿ ಸಿದ್ಧಪಡಿಸುವವರೆಗೆ ದಾಖಲೆಯ ನಮೂದು ಸತ್ಯವೆಂದೇ ಶಾಸನವು ಭಾವಿಸುತ್ತದೆ. ಅಂಕಣವೆಂಬುದು ಬರಿಯ ಗೆರೆಯಲ್ಲ. ಅದರೊಳಗೆ ಬಂದವನಿಗೆ ನೆಲ, ಬಾರದವನಿಗೆ ವಾದದ ಹೊರೆ.

ಈ ಸೀಮೆಗೆ ಇಂಥ ವರ್ಗೀಕರಣವು ಹೊಸದಲ್ಲ. ೧೬೪೫ರಿಂದ ೧೬೬೦ರವರೆಗೆ ಆಳಿದ ಕೆಳದಿಯ ಶಿವಪ್ಪನಾಯಕನ ‘ಶಿಸ್ತು’ ಪ್ರಸಿದ್ಧವಾದದ್ದು. ನೆಲವನ್ನು ಅದರ ಸತ್ತ್ವಕ್ಕನುಸಾರವಾಗಿ ಐದು ವರ್ಗಗಳಾಗಿ ವಿಂಗಡಿಸಿ, ಗ್ರಾಮಗಳಲ್ಲಿ ಮಾದರಿ ಗದ್ದೆಗಳನ್ನು ಹನ್ನೆರಡು ವರ್ಷಗಳ ಕಾಲ ಸಾಗುವಳಿ ಮಾಡಿಸಿ, ಬಂದ ಫಲದ ಸರಾಸರಿಯ ಮೇಲೆ ಕಂದಾಯವನ್ನು ಗೊತ್ತುಮಾಡಿದನೆಂದು ಪರಂಪರೆಯು ಹೇಳುತ್ತದೆ. ಚೆನ್ ಅವರ ಪರಿಭಾಷೆಯಲ್ಲಿ ಹೇಳುವುದಾದರೆ, ಇದೂ ಒಂದು ವಸ್ತು–ಸಂಬಂಧ ಮಾದರಿಯೇ. ಆದರೆ ಅದರ ವಸ್ತುಗಳು ರಾಜ್ಯ, ನೆಲ, ಫಲ. ನೆಲದ ಮೇಲೆ ಬೆವರು ಸುರಿಸುವ ಮನುಷ್ಯನಿಗೂ ಅವನಿಂದ ಪಾಲು ಪಡೆಯುವವನಿಗೂ ಇರುವ ಸಂಬಂಧವು ಆ ಮಾದರಿಯ ವಿಷಯವಲ್ಲ. ಆ ಬಿಟ್ಟುಹೋದ ಸಂಬಂಧವೇ ಮುನ್ನೂರು ವರ್ಷಗಳ ಅನಂತರ, ೧೯೫೧ರಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹವಾಗಿ ಹೊರಹೊಮ್ಮಿತು. ಅಲ್ಲಿ ವಿವಾದವು ಗೇಣಿ ಭತ್ತವನ್ನು ಅಳೆಯುವ ಕೊಳಗದ ಅಳತೆಯನ್ನು ಕುರಿತದ್ದು. ಯಾವ ಕೊಳಗ, ಯಾರ ಕೊಳಗ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಕೇವಲ ಅಳತೆಯ ಪ್ರಶ್ನೆ. ಆಂತರ್ಯದಲ್ಲಿ ಅದು ಮಾಹಿತಿಯ ಮೇಲಣ ಅಧಿಕಾರದ ಪ್ರಶ್ನೆ. ಅಳೆಯುವವನೂ ಲೆಕ್ಕ ಬರೆಯುವವನೂ ಒಂದೇ ಪಕ್ಷದವನಾದರೆ ಚಿತ್ರದಲ್ಲಿಯ ಸಂಖ್ಯೆಗಳೆಲ್ಲವೂ ಸರಿಯಾಗಿಯೇ ಇರುತ್ತವೆ. ಅನ್ಯಾಯವು ಸಂಖ್ಯೆಗಿಂತ ಮೊದಲೇ ನಡೆದುಹೋಗಿರುತ್ತದೆ.

ವಸ್ತು–ಸಂಬಂಧ ಚಿತ್ರದ ಇನ್ನೊಂದು ಮಿತಿಯನ್ನು ಮಲೆನಾಡಿನ ಸೊಪ್ಪಿನಬೆಟ್ಟಗಳು ತೋರಿಸುತ್ತವೆ. ಅಡಕೆ ತೋಟಕ್ಕೆ ಗೊಬ್ಬರವಾಗಿ ಹಸುರು ಸೊಪ್ಪನ್ನೂ ದರಕನ್ನೂ ತರುವುದಕ್ಕಾಗಿ ತೋಟದವರಿಗೆ ಬಿಟ್ಟುಕೊಟ್ಟ ಬೆಟ್ಟವಿದು. ನೆಲ ಸರ್ಕಾರದ್ದು, ಸೊಪ್ಪಿನ ಸೌಲಭ್ಯ ತೋಟದವನದು. ಹಾಗಾದರೆ ಬೆಟ್ಟದ ಒಡೆಯನು ಯಾರು? ಪ್ರಶ್ನೆಯನ್ನು ಹೀಗೆ ಕೇಳಿದೊಡನೆಯೇ ಉತ್ತರವು ತಪ್ಪಾಗುತ್ತದೆ. ಅಲ್ಲಿ ಇರುವುದು ಒಡೆತನವಲ್ಲ, ತೋಟವೆಂಬ ಇನ್ನೊಂದು ನೆಲದೊಡನೆ ಬೆಸೆದುಕೊಂಡ ಒಂದು ಬಳಕೆಯ ಸಂಬಂಧ. ವ್ಯಕ್ತಿಗೂ ನೆಲಕ್ಕೂ ನಡುವೆ ಒಂದೇ ಗೆರೆಯನ್ನು ಎಳೆಯುವ ಚಿತ್ರದಲ್ಲಿ ನೆಲಕ್ಕೂ ನೆಲಕ್ಕೂ ಇರುವ ಈ ಗೆರೆಗೆ ಎಡೆಯಿಲ್ಲ. ಚಿತ್ರದ ಭಾಷೆಯಲ್ಲಿ ಅದನ್ನು ಬರೆಯಲು ಸಾಧ್ಯವಿಲ್ಲವೆಂದಲ್ಲ. ನೆಲಕ್ಕೂ ನೆಲಕ್ಕೂ ಒಂದು ಸಂಬಂಧವನ್ನು ಕಲ್ಪಿಸಲು ಚೆನ್ ಅವರ ಪದ್ಧತಿಯಲ್ಲಿ ಅಡ್ಡಿಯೇನೂ ಇಲ್ಲ. ಹಾಗೆ ಕೇಳಬೇಕೆಂದು ಚಿತ್ರಕಾರನಿಗೆ ತೋಚುವುದೇ ಅಪೂರ್ವ. ದೋಷವು ಉಪಕರಣದ್ದಲ್ಲ, ಪ್ರಶ್ನೆಯದು.

೫

ಮೂರನೆಯದು ಸಮೃದ್ಧಚಿತ್ರ. ಇದರ ಅಗತ್ಯವನ್ನು ಶರಾವತಿಯ ಹಿನ್ನೀರಿನ ದೃಷ್ಟಾಂತವು ಅತ್ಯಂತ ತೀವ್ರವಾಗಿ ಮನಗಾಣಿಸುತ್ತದೆ.

ಜೋಗದಲ್ಲಿ ವಿದ್ಯುದುತ್ಪಾದನೆಯು ೧೯೪೮ರಲ್ಲಿ ಆರಂಭವಾಯಿತು. ಅದಕ್ಕಾಗಿ ಹಿರೇಭಾಸ್ಕರದಲ್ಲಿ ಅಣೆಕಟ್ಟು ಕಟ್ಟಲಾಗಿತ್ತು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಸಿದ್ಧವಾದಾಗ ೧೮೧೯ ಅಡಿಗಳ ಮಟ್ಟದವರೆಗೆ ನೀರು ನಿಲ್ಲುವಂತಾಗಿ, ಹಿಂದಿನ ಅಣೆಕಟ್ಟೂ ಅದರ ಸುತ್ತಲಿನ ಊರುಗಳೂ ನೀರಿನಡಿಯಾದವು. ಸಾಗರ, ಹೊಸನಗರ ತಾಲ್ಲೂಕುಗಳ ಕುಟುಂಬಗಳನ್ನು ಎಬ್ಬಿಸಿ ಜಿಲ್ಲೆಯ ಬೇರೆ ಬೇರೆ ಕಡೆ, ಬಹುಮಟ್ಟಿಗೆ ಅರಣ್ಯಭೂಮಿಯಲ್ಲಿ, ನೆಲೆಗೊಳಿಸಲಾಯಿತು. ಅವರು ಕಾಡು ಕಡಿದು ಗದ್ದೆ ಮಾಡಿದರು, ಮನೆ ಕಟ್ಟಿದರು. ಕಂದಾಯದ ಅಧಿಕಾರಿಗಳ ದೃಷ್ಟಿಯಲ್ಲಿ ಅವರು ಪುನರ್ವಸತಿ ಪಡೆದವರು. ಅರಣ್ಯ ಇಲಾಖೆಯ ವಹಿಯಲ್ಲಿ ಆ ನೆಲವು ಅರಣ್ಯವಾಗಿಯೇ ಉಳಿಯಿತು. ೧೯೮೦ರ ಅರಣ್ಯ ಸಂರಕ್ಷಣಾ ಅಧಿನಿಯಮವು ಬಂದ ಮೇಲೆ, ಅರಣ್ಯಭೂಮಿಯನ್ನು ಬಿಡುಗಡೆ ಮಾಡಬೇಕಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿಯು ಅವಶ್ಯವಾಯಿತು. ಮುಂದೆ ರಾಜ್ಯ ಸರ್ಕಾರವು ಸಂತ್ರಸ್ತರಿಗಾಗಿ ಅರಣ್ಯಭೂಮಿಯನ್ನು ಬಿಡುಗಡೆ ಮಾಡಿ ಆದೇಶಗಳನ್ನು ಹೊರಡಿಸಿತು. ಈ ಅನುಮತಿಯಿಲ್ಲದೆ ಹೊರಡಿಸಿದ್ದವೆಂಬ ಕಾರಣದಿಂದ ೨೦೨೧ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅವುಗಳನ್ನು ರದ್ದುಪಡಿಸಿತು. ನಾಡಿಗೆ ಬೆಳಕು ಕೊಟ್ಟವರ ಮಕ್ಕಳು ಮೊಮ್ಮಕ್ಕಳು ತಮ್ಮ ಅಂಗಳದ ನೆಲಕ್ಕೆ ಹಕ್ಕುಪತ್ರವನ್ನು ಬೇಡುತ್ತ ನಿಂತರು.

ಈ ದುರವಸ್ಥೆಯನ್ನು ಪ್ರವಾಹ ಚಿತ್ರದಲ್ಲಿ ಹುಡುಕಿರಿ, ಸಿಕ್ಕದು. ಕಂದಾಯ ಇಲಾಖೆಯ ಚಿತ್ರವನ್ನು ಪ್ರತ್ಯೇಕವಾಗಿ ಬರೆದರೆ ಅದು ಸುಸಂಬದ್ಧ. ಅರಣ್ಯ ಇಲಾಖೆಯ ಚಿತ್ರವನ್ನು ಪ್ರತ್ಯೇಕವಾಗಿ ಬರೆದರೆ ಅದೂ ಸುಸಂಬದ್ಧ. ಒಂದೊಂದು ವಹಿಯೂ ತನ್ನ ನಿಯಮಕ್ಕೆ ಅನುಸಾರವಾಗಿ ಶುದ್ಧವಾಗಿದೆ. ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದು, ಮಧ್ಯದಲ್ಲಿ ಆ ಮನೆಯನ್ನೂ ಮನೆಯವರನ್ನೂ ಇಟ್ಟಾಗ ಮಾತ್ರ ವಿರೋಧವು ಕಾಣಿಸುತ್ತದೆ: ಒಂದೇ ನೆಲ, ಎರಡು ಹೆಸರು. ಚೆಕ್‌ಲ್ಯಾಂಡ್ ಅವರ ಸಮೃದ್ಧಚಿತ್ರವು ಮಾಡಹೇಳುವುದು ಇದನ್ನೇ. ಅದರಲ್ಲಿ ಅರಣ್ಯಾಧಿಕಾರಿಯ ಕಳವಳಕ್ಕೂ ಸ್ಥಾನವಿದೆ. ಕಾಡು ಉಳಿಯಬೇಕೆಂಬುದು ಶರಾವತಿಯ ಕೊಳ್ಳದಲ್ಲಿ ಅಲಕ್ಷಿಸತಕ್ಕ ವಾದವಲ್ಲ. ಸಂತ್ರಸ್ತನ ನೆನಪಿಗೂ ಸ್ಥಾನವಿದೆ. ನ್ಯಾಯಾಲಯದ ಆದೇಶಕ್ಕೂ ಸ್ಥಾನವಿದೆ. ಇವರಲ್ಲಿ ಯಾರೊಬ್ಬರ ಚಿತ್ರವನ್ನು ಮಾತ್ರ ಸಂಸ್ಥೆಯ ಚಿತ್ರವೆಂದು ಒಪ್ಪಿಕೊಂಡರೂ ಉಳಿದವರು ಕೇವಲ ಅಡಚಣೆಗಳಾಗಿ ತೋರುತ್ತಾರೆ.

ಚಿತ್ರದ ಎಲ್ಲೆಯನ್ನು ಎಲ್ಲಿ ಎಳೆಯಬೇಕೆಂಬ ಪ್ರಶ್ನೆಗೆ ಅದೇ ಹಿನ್ನೀರಿನ ಹೊಳೆಬಾಗಿಲು ಒಳ್ಳೆಯ ನಿದರ್ಶನವಾಗಿದೆ. ನೀರು ನಿಂತ ಮೇಲೆ ತುಮರಿ, ಸಿಗಂದೂರುಗಳ ಕಡೆಗೆ ಹೋಗುವ ರಸ್ತೆಯು ಇಲ್ಲಿಗೆ ಮುಗಿಯುತ್ತಿತ್ತು. ಮುಂದಿನ ದಾರಿ ಲಾಂಚಿನದು. ೨೦೨೫ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯು ಸಂಚಾರಕ್ಕೆ ತೆರೆಯುವವರೆಗೆ ಆರು ದಶಕಗಳ ಕಾಲ ಇದೇ ಸ್ಥಿತಿ. ರಸ್ತೆ ಒಂದು ಇಲಾಖೆಯದು, ಲಾಂಚು ಒಳನಾಡು ಜಲಸಾರಿಗೆಯದು, ನೀರಿನ ಮಟ್ಟ ವಿದ್ಯುತ್ ನಿಗಮದ ಕೈಯಲ್ಲಿದ್ದದ್ದು. ಒಂದೊಂದು ಕಚೇರಿಯ ಚಿತ್ರದಲ್ಲಿಯೂ ಹೊಳೆಬಾಗಿಲು ಅಂಚಿನಲ್ಲಿ ಬರುತ್ತದೆ. ಬಾಣವು ಅಲ್ಲಿಗೆ ಬಂದು ಹೊರಕ್ಕೆ ಹೋಗುತ್ತದೆ. ಬಸುರಿಯನ್ನು ಸಾಗರದ ಆಸ್ಪತ್ರೆಗೆ ಕರೆದೊಯ್ಯುವ ಮನೆಯವರಿಗಾದರೋ ಅದು ಅಂಚಲ್ಲ, ಪ್ರಯಾಣದ ನಡುಮಧ್ಯ. ಸಂಸ್ಥೆಗೆ ಎಲ್ಲೆಯಾದದ್ದು ಜನರಿಗೆ ಬಾಗಿಲು. ಮಾಹಿತಿ ವ್ಯವಸ್ಥೆಯ ಚಿತ್ರವನ್ನು ಬರೆಯುವವನು ಎಲ್ಲೆಯನ್ನು ಎಳೆಯದೆ ಇರಲಾರನು. ಆದರೆ ಆ ಎಲ್ಲೆಯ ಮೇಲೆ ನಿಂತು ಕಾಯುತ್ತಿರುವವರು ಯಾರು ಎಂದು ಕೇಳದೆ ಅದನ್ನು ಎಳೆಯಬಾರದು.

೬

ಇಲ್ಲಿಯವರೆಗಿನ ವಾದಕ್ಕೆ ಒಂದು ಪ್ರಬಲವಾದ ಆಕ್ಷೇಪಣೆಯುಂಟು. ಸರಳಗೊಳಿಸದೆ ಆಡಳಿತವಿಲ್ಲ, ಎಲ್ಲ ಸಂಬಂಧಗಳನ್ನೂ ಎಲ್ಲ ಕಳವಳಗಳನ್ನೂ ತುಂಬಿದ ಚಿತ್ರದಿಂದ ಯಾವ ಗುಮಾಸ್ತನೂ ಕೆಲಸ ಮಾಡಲಾರನು. ಹಿಂದಿನ ಶಾನುಭೋಗನ ತಲೆಯಲ್ಲಿ ಊರಿನ ಎಲ್ಲ ಸೂಕ್ಷ್ಮಗಳೂ ಇದ್ದವು, ನಿಜ. ಆದರೆ ಅದು ಅವನ ತಲೆಯಲ್ಲಿಯೇ ಇತ್ತು. ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳನ್ನು ೧೯೬೧ರ ಶಾಸನದಿಂದ ರದ್ದುಮಾಡಿದ್ದು ಅಂಥ ಗುಪ್ತವಿದ್ಯೆಯಿಂದ ರೈತನನ್ನು ಬಿಡಿಸುವುದಕ್ಕಾಗಿಯೂ ಅಲ್ಲವೆ? ಸರಳವಾದ, ಎಲ್ಲರಿಗೂ ಕಾಣುವ, ಯಾರೂ ಮನಬಂದಂತೆ ತಿದ್ದಲಾರದ ದಾಖಲೆಯು ಬಡವನ ರಕ್ಷೆ.

ಈ ಆಕ್ಷೇಪಣೆಯಲ್ಲಿ ಅರ್ಧ ಸತ್ಯಕ್ಕಿಂತ ಹೆಚ್ಚಿನದು ಇದೆ. ಪಹಣಿಗಾಗಿ ಅಲೆದವರು ‘ಭೂಮಿ’ಯನ್ನು ಸ್ವಾಗತಿಸಿದ್ದು ಸಹಜವೇ. ಆದರೆ ಎಲ್ಲರಿಗೂ ಕಾಣುವ ದಾಖಲೆಯು ಎಲ್ಲರಿಗೂ ಸಮಾನವಾಗಿ ಉಪಯೋಗಕ್ಕೆ ಬರುವುದಿಲ್ಲ. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವು, ಬೆಂಗಳೂರಿನ ಸುತ್ತಮುತ್ತ ಈ ವ್ಯವಸ್ಥೆಯು ಅಧಿಕಾರವನ್ನು ಹಳ್ಳಿಯಿಂದ ಮೇಲಕ್ಕೆ ಸೆಳೆದು, ಭೂವ್ಯವಹಾರದ ದೊಡ್ಡ ಕೈಗಳಿಗೆ ಹೆಚ್ಚು ಅನುಕೂಲವಾಯಿತೆಂದು ವಾದಿಸಿತು. ಆ ವಾದವನ್ನು ಮಲೆನಾಡಿಗೆ ಇದ್ದಂತೆಯೇ ಅನ್ವಯಿಸಲಾಗದು. ನೆಲದ ಬೆಲೆಯೂ ಕೊಳ್ಳುವವರ ಸ್ವರೂಪವೂ ಇಲ್ಲಿ ಬೇರೆ. ಆದರೆ ಅದರಿಂದ ಕಲಿಯತಕ್ಕ ಪಾಠವೊಂದಿದೆ. ಊರಿನಲ್ಲಿ ತಕರಾರು ತೀರುತ್ತಿದ್ದ ಅನೌಪಚಾರಿಕ ಮಾರ್ಗಗಳು ಚಿತ್ರದಲ್ಲಿ ಇರಲಿಲ್ಲ. ಚಿತ್ರದಲ್ಲಿ ಇಲ್ಲದ್ದರಿಂದ ಹೊಸ ವ್ಯವಸ್ಥೆಯಲ್ಲಿಯೂ ಇಲ್ಲವಾದವು. ಅವುಗಳಲ್ಲಿ ಲಂಚವೂ ಇತ್ತು, ನ್ಯಾಯವೂ ಇತ್ತು. ಎರಡನ್ನೂ ಬೇರ್ಪಡಿಸಿ ನೋಡುವ ಶ್ರಮವನ್ನು ಚಿತ್ರಕಾರನು ವಹಿಸಲಿಲ್ಲ.

ಸರಳಗೊಳಿಸುವುದನ್ನೇ ಆಕ್ಷೇಪಿಸುವುದು ಇಲ್ಲಿಯ ವಿಮರ್ಶೆಯ ಉದ್ದೇಶವಲ್ಲ. ಪರಿಕಲ್ಪನಾಚಿತ್ರವು ಎರಡು ಬಗೆಯ ಕೆಲಸಗಳನ್ನು ಮಾಡುತ್ತದೆ. ಆರಂಭದಲ್ಲಿ ಅದು ತಿಳಿಯುವ ಸಾಧನ. ಕೊನೆಯಲ್ಲಿ ಅದು ಕಟ್ಟುವ ಆದೇಶ. ಆರಂಭದಲ್ಲಿ ‘ಹೀಗಿದೆಯೆಂದು ತೋರುತ್ತದೆ’ ಎನ್ನುವ ಚೌಕವು ಕೊನೆಯಲ್ಲಿ ‘ಹೀಗೆಯೇ ಇರತಕ್ಕದ್ದು’ ಎನ್ನುತ್ತದೆ. ಈ ಎರಡರ ನಡುವೆ ಗೆರೆಗಳು ಬದಲಾಗುವುದಿಲ್ಲ, ಬಣ್ಣ ಬದಲಾಗುವುದಿಲ್ಲ; ಬದಲಾಗುವುದು ಅದರ ಹಿಂದಿನ ಅಧಿಕಾರ. ತಿಳಿಯುವುದಕ್ಕೆ ಬರೆದ ಚಿತ್ರವನ್ನು ಮರುಪರೀಕ್ಷೆಯಿಲ್ಲದೆ ಆದೇಶವಾಗಿ ಪರಿವರ್ತಿಸುವುದೇ ಎಲ್ಲ ಅನರ್ಥಗಳ ಮೂಲ. ಮಾದರಿಯು ಚರ್ಚೆಗೆ ನೆಪವೆಂದ ಚೆಕ್‌ಲ್ಯಾಂಡ್ ಅವರ ಮಾತಿನ ಬೆಲೆ ಇಲ್ಲಿದೆ. ಆದರೆ ಅವರ ಪದ್ಧತಿಯೂ ನಿರ್ದೋಷವಲ್ಲ. ಚರ್ಚೆಗೆ ಕುಳಿತವರೆಲ್ಲರೂ ಸಮಾನರೆಂಬ ಒಂದು ನಂಬಿಕೆ ಅದರ ಬುಡದಲ್ಲಿದೆ. ತಹಶೀಲ್ದಾರರ ಕೊಠಡಿಯಲ್ಲಿ ಅಧಿಕಾರಿಯೂ ಹಕ್ಕುಪತ್ರವಿಲ್ಲದ ಕೃಷಿಕನೂ ಒಂದೇ ಮೇಜಿನ ಸುತ್ತ ಕುಳಿತು ಚಿತ್ರವನ್ನು ತಿದ್ದುವರೆಂದು ಭಾವಿಸುವುದಕ್ಕೆ ಬಹಳ ಆಶಾವಾದ ಬೇಕು. ಸಮೃದ್ಧಚಿತ್ರವು ಘರ್ಷಣೆಯನ್ನು ತೋರಿಸಬಲ್ಲುದು. ಅದನ್ನು ತೀರಿಸುವುದಕ್ಕೆ ಶಾಸನವೂ ರಾಜಕೀಯವೂ ಬೇಕು. ಕಾಗೋಡಿನ ಗೇಣಿದಾರರಿಗೆ ನ್ಯಾಯವು ದೊರೆತದ್ದು ಚಿತ್ರದಿಂದಲ್ಲ, ಚಳವಳಿಯಿಂದ ಮತ್ತು ಅದರ ಅನಂತರ ಬಂದ ಶಾಸನದಿಂದ.

೭

ಹಾಗಾದರೆ ತರಗತಿಯಲ್ಲಿ ಈ ಚಿತ್ರಗಳನ್ನು ಹೇಗೆ ಕಲಿಸಬೇಕು? ಮೂರು ಪ್ರಶ್ನೆಗಳನ್ನು ಅಧ್ಯಾಪಕರ ಮುಂದೆ ಇಡಬಹುದಾಗಿದೆ.

ಮೊದಲನೆಯದು: ಚಿತ್ರವನ್ನು ಬರೆದವರು ಯಾರು, ಮತ್ತು ಅವರು ಚಿತ್ರದೊಳಗೆ ಇದ್ದಾರೆಯೆ? ಪಹಣಿಯ ಪ್ರವಾಹ ಚಿತ್ರದಲ್ಲಿ ರೈತನು ಒಂದು ಅಂಚಿನ ಚೌಕ. ಅವನಿಂದ ಅರ್ಜಿ ಹೊರಡುತ್ತದೆ, ಅವನಿಗೆ ಪತ್ರ ಬರುತ್ತದೆ. ಇದೇ ಕಾರ್ಯವನ್ನು ರೈತನೇ ಬರೆದರೆ ಕಚೇರಿಯು ಅಂಚಿನ ಚೌಕವಾದೀತು. ನಡುವೆ ಬಸ್ಸಿನ ದಾರಿ, ಕಳೆದ ಕೂಲಿ, ಮರಳಿ ಬರಲು ಹೇಳಿದ ದಿನಗಳು ಬಂದಾವು.

ಎರಡನೆಯದು: ಇರಬೇಕಾಗಿದ್ದು ಇಲ್ಲದ ಬಾಣ ಯಾವುದು? ಇದನ್ನು ಕಂಡುಹಿಡಿಯಲು ಒಂದೇ ಉಪಾಯ. ಎರಡು ಕಚೇರಿಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು, ಎರಡರಲ್ಲಿಯೂ ಬರುವ ಒಂದೇ ವ್ಯಕ್ತಿಯನ್ನೋ ಒಂದೇ ಸರ್ವೆ ನಂಬರನ್ನೋ ಹಿಂಬಾಲಿಸಬೇಕು. ಮರಣದ ವಹಿ ಮತ್ತು ಖಾತೆಯ ವಹಿ, ಕಂದಾಯದ ನಕ್ಷೆ ಮತ್ತು ಅರಣ್ಯದ ನಕ್ಷೆ, ಇಂಥ ಜೋಡಿಗಳಲ್ಲಿಯೇ ಸಮಸ್ಯೆಯ ಬೇರು ಇರುತ್ತದೆ.

ಮೂರನೆಯದು: ಚಿತ್ರವು ಯಾವಾಗ ಆದೇಶವಾಯಿತು? ಆ ಘಟ್ಟದಲ್ಲಿ ಅದನ್ನು ಅದರೊಳಗಿನ ಜನರಿಗೆ ತೋರಿಸಿ, ‘ನಿಮ್ಮ ಬದುಕು ಹೀಗಿದೆಯೆ?’ ಎಂದು ಕೇಳಲಾಯಿತೆ?

ಇದಕ್ಕೆ ತಕ್ಕ ಅಭ್ಯಾಸವೂ ಸುಲಭವಾಗಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಲೇಜುಗಳಲ್ಲಿ ಓದುವ ಬಹುಪಾಲು ವಿದ್ಯಾರ್ಥಿಗಳ ಮನೆಯಲ್ಲಿ ಒಂದಾದರೂ ಪಹಣಿ ಇದೆ, ಇಲ್ಲವೆ ಪಹಣಿ ಇಲ್ಲದಿರುವ ಸಂಕಟವಿದೆ. ಊರಿನ ಒಂದೇ ಸರ್ವೆ ನಂಬರನ್ನು ಆರಿಸಿಕೊಂಡು ಅದರ ಮೂರು ಚಿತ್ರಗಳನ್ನು ಅವರಿಂದ ಬರೆಯಿಸಬೇಕು. ಪ್ರವಾಹ ಚಿತ್ರವನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ ಬರೆಯಲಿ. ವಸ್ತು–ಸಂಬಂಧ ಚಿತ್ರವನ್ನು ಪಹಣಿಯ ಅಂಕಣಗಳಿಂದ ಬರೆಯಲಿ. ಸಮೃದ್ಧಚಿತ್ರವನ್ನು ಮನೆಯ ಹಿರಿಯರ ಬಳಿ ಕುಳಿತು ಬರೆಯಲಿ. ಮೂರೂ ಒಂದನ್ನೊಂದು ಹೋಲುವುದಿಲ್ಲವೆಂಬುದನ್ನು ಅವರೇ ಕಾಣುವರು. ಆ ಹೋಲದಿರುವಿಕೆಯನ್ನು ತಪ್ಪೆಂದು ತಿದ್ದಹೋಗದೆ, ಅದರ ಕಾರಣವನ್ನು ಅವರಿಂದಲೇ ಬರೆಯಿಸಿದರೆ, ಮಾಹಿತಿ ವ್ಯವಸ್ಥೆಯನ್ನು ಕುರಿತ ಒಂದು ವರ್ಷದ ಪಾಠವು ಅಷ್ಟರಲ್ಲಿಯೇ ಅಡಗಿರುತ್ತದೆ.

ಪರಿಕಲ್ಪನಾಚಿತ್ರವು ವ್ಯರ್ಥವಾದ ವಿದ್ಯೆಯಲ್ಲ. ಕಚೇರಿಯ ಕತ್ತಲೆಯಲ್ಲಿ ಅಡಗಿದ್ದ ಎಷ್ಟೋ ತಡೆಗಳನ್ನು ಅದು ಬಯಲಿಗೆಳೆದಿದೆ, ಮುಂದೆಯೂ ಎಳೆಯಬಲ್ಲುದು. ಆದರೆ ಚೌಕದೊಳಗೆ ಬರೆದ ಹೆಸರು ನೆಲದ ಮೇಲೆ ಬದುಕುವ ಮನುಷ್ಯನಿಗೆ ಬದಲಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ನಾಳೆ ಇಂಥ ವ್ಯವಸ್ಥೆಗಳನ್ನು ಕಟ್ಟುವ ಕಚೇರಿಗಳಲ್ಲಿಯೇ ಕುಳಿತಿರುತ್ತಾರೆ. ಅವರು ಎಳೆಯುವ ಒಂದು ಗೆರೆಯ ಆಚೆಗೆ ಯಾರ ಮನೆಯಂಗಳವು ಉಳಿಯುತ್ತದೆಂಬುದನ್ನು ನೋಡುವ ಅಭ್ಯಾಸವನ್ನು ಇಂದೇ ಮಾಡಿಸುವುದು ಅಧ್ಯಾಪಕರ ಹೊಣೆಯಾಗಿದೆ.